ತುರಹಳ್ಳಿ ಕಾಡಿನಲ್ಲಿ ಸೈಕಲ್ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮೌಂಟನ್ ಬೈಕ್ ಕೊಂಡವರೆಲ್ಲ ಒಂದಲ್ಲ ಒಂದು ದಿನ ತುರಹಳ್ಳಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಆದರೆ ಅನುಮತಿಯ ಪ್ರಶ್ನೆ ಮತ್ತು ಹೊಸ ದಾರಿಯ ಪ್ರಶ್ನೆ ಇವೆರಡನ್ನು ಮಾತ್ರ ಬಿಡದೆ ಓದಿ.

ತುರಹಳ್ಳಿ ಎಲ್ಲಿ ಬರುತ್ತದೆ? ಹೋಗೋದು ಹೇಗೆ?

ದಕ್ಷಿಣ ಬೆಂಗಳೂರಿನಲ್ಲಿ, ಕನಕಪುರ ರಸ್ತೆಗೂ ಉತ್ತರಹಳ್ಳಿ ಕಡೆಗೂ ನಡುವೆ, ಬನಶಂಕರಿ 6ನೇ ಹಂತಕ್ಕೆ ತಾಗಿಕೊಂಡಿದೆ. ಮೆಟ್ರೋ ಹಸಿರು ಮಾರ್ಗದ ವಜರಹಳ್ಳಿ, ತಲಘಟ್ಟಪುರ ನಿಲ್ದಾಣಗಳು ಹತ್ತಿರವೇ ಇವೆ. ಆದರೆ ಮೆಟ್ರೋದಲ್ಲಿ ಮಡಚುವ ಚಿಕ್ಕ ಸೈಕಲ್‌ಗೆ ಮಾತ್ರ ಜಾಗ, ಅದೂ ಕೊನೆಯ ಬೋಗಿಯಲ್ಲಿ. ದೊಡ್ಡ ಎಂಟಿಬಿ (ಮೌಂಟನ್ ಬೈಕ್) ಹೊತ್ತುಕೊಂಡು ಹೋದರೆ ಒಳಗೆ ಬಿಡುವುದಿಲ್ಲ. ಹಾಗಾಗಿ ಮನೆಯಿಂದಲೇ ತುಳಿದುಕೊಂಡು ಬನ್ನಿ, ಇಲ್ಲಾಂದ್ರೆ ಕಾರಿಗೆ ಕಟ್ಟಿಕೊಂಡು ಬನ್ನಿ. ಕಾರಿನಲ್ಲಿ ಬಂದವರು ಸುತ್ತಲಿನ ಬಡಾವಣೆಯವರ ಗೇಟಿಗೆ ಅಡ್ಡ ನಿಲ್ಲಿಸಬೇಡಿ. ಬೆಳಗ್ಗೆ ಆರಕ್ಕೆ ಯಾರದ್ದೋ ಮನೆ ಮುಂದೆ ಗಾಡಿ ನಿಲ್ಲಿಸಿ ಜೋರಾಗಿ ಮಾತಾಡಿದರೆ, ಅವರು ಸೈಕಲ್‌ನವರನ್ನೆಲ್ಲ ಸೇರಿಸಿಯೇ ಬೈಯುತ್ತಾರೆ.

ಒಳಗೆ ಸೈಕಲ್ ಬಿಡುತ್ತಾರಾ? ಅನುಮತಿ ಬೇಕಾ?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ತುರಹಳ್ಳಿ ಪಾರ್ಕ್ ಅಲ್ಲ, ಕಾಡು. ಬೆಂಗಳೂರು ನಗರ ಅರಣ್ಯ ವಿಭಾಗಕ್ಕೆ ಸೇರಿದ್ದು. ಕಾಯ್ದಿಟ್ಟ ಕಾಡಿನೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ತಪ್ಪು. ಹೀಗಾಗಿ ಗೇಟಿನ ಬೋರ್ಡ್ ಮೇಲೆ ಏನು ಬರೆದಿದೆಯೋ, ಅಲ್ಲಿರುವ ಗಾರ್ಡ್ ಏನು ಹೇಳುತ್ತಾರೋ ಅದೇ ಕೊನೆಯ ಮಾತು. ಸಮಯ, ಯಾವ ದಾರಿ, ಸೈಕಲ್ ಇರಬಹುದೇ ಇಲ್ಲವೇ, ಎಲ್ಲವೂ ಇಲಾಖೆಯ ಕೈಯಲ್ಲಿದೆ, ಆಗಾಗ ಬದಲಾಗುತ್ತದೆ. ಹೋದ ವರ್ಷ ಗೆಳೆಯರು ಹೋಗಿದ್ದರು ಅಂತ ಈ ವರ್ಷ ನುಗ್ಗಬೇಡಿ. ಹೋಗುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ ಕೇಳಿ. ಇಲಾಖೆಯ ಸಹಾಯವಾಣಿ 1926 ಕೂಡ ಇದೆ.

ಗಾರ್ಡ್ ಬೇಡ ಅಂದರೆ ವಾದ ಮಾಡದೆ ತಿರುಗಿಕೊಳ್ಳಿ. ಆತನ ಕೆಲಸ ಕಾಡು ಕಾಯುವುದು. ಬೇಲಿ ಮುರಿದ ಕಡೆಯಿಂದ ಸೈಕಲ್ ಎತ್ತಿ ದಾಟಿಸಿಕೊಂಡು ಹೋದವರಿಂದಲೇ ಉಳಿದವರಿಗೂ ಬಾಗಿಲು ಮುಚ್ಚುವುದು.

ಕಾಡು ಎಷ್ಟು ದೊಡ್ಡದು? ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು?

ದೊಡ್ಡದೇನಲ್ಲ. ಸುಮಾರು 500–600 ಎಕರೆ. ಕೂಗಿದರೆ ಒಂದು ಬದಿಯ ಅಪಾರ್ಟ್‌ಮೆಂಟಿನವರಿಗೆ ಕೇಳಿಸುತ್ತದೆ. ಆದರೆ ಬಂಡೆ, ಕೊರಕಲು, ಪೊದೆಗಳ ನಡುವಿನ ಕಾಲುದಾರಿಯಲ್ಲಿ ಹತ್ತು ಕಿಲೋಮೀಟರ್ ತುಳಿದರೆ ಮೈಯೆಲ್ಲ ಬೆವರು. ರಸ್ತೆಯಲ್ಲಿ ಒಂದು ಗಂಟೆಗೆ 25 ಕಿಲೋಮೀಟರ್ ಓಡಿಸುವವರು ಇಲ್ಲಿ ಅದೇ ಹೊತ್ತಿನಲ್ಲಿ ಎಂಟು ಓಡಿಸಿದರೂ ಚೆನ್ನಾಗಿಯೇ ಓಡಿಸಿದ್ದಾರೆ ಅಂತ ಲೆಕ್ಕ.

ಇಲ್ಲಿನ ಬಂಡೆಯಲ್ಲಿ ಅಂಥದ್ದೇನು ವಿಶೇಷ?

ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ನೋಡಿದ್ದೀರಲ್ವಾ, ಸುಮಾರು 300 ಕೋಟಿ ವರ್ಷ ಹಳೆಯದು ಅಂತ ಭೂವಿಜ್ಞಾನ ಇಲಾಖೆಯವರು ಬೋರ್ಡ್ ಹಾಕಿದ್ದಾರಲ್ಲ, ಅದೇ ಜಾತಿಯ ಗ್ನೀಸ್ ಬಂಡೆಯೇ ಬೆಂಗಳೂರಿನ ಈ ಭಾಗದ ತಳದಲ್ಲೆಲ್ಲ ಇರುವುದು. ತುರಹಳ್ಳಿಯಲ್ಲಿ ಅದು ಗುಡ್ಡವಾಗಿ ಎದ್ದು ನಿಂತಿದೆ. ಬಂಡೆ ಹತ್ತುವವರು ಎಷ್ಟೋ ವರ್ಷದಿಂದ ಇಲ್ಲಿಗೆ ಬರುತ್ತಿರುವುದೂ ಇದೇ ಕಾರಣಕ್ಕೆ.

ಸೈಕಲ್‌ನವರಿಗೆ ಇದರ ಲಾಭ ಏನೆಂದರೆ, ಒಣಗಿದ ಬಂಡೆಯ ಮೇಲೆ ಟಯರಿಗೆ ಸಿಗುವ ಹಿಡಿತ. ಮೈ ಒರಟಾಗಿದೆ, ಕೈಯಾಡಿಸಿದರೆ ಚರ್ಮ ತರಚುವಷ್ಟು. ನೋಡಿದರೆ ಭಯವಾಗುವಷ್ಟು ಇಳಿಜಾರಿನ ಚಪ್ಪಡಿಯಲ್ಲೂ ಬ್ರೇಕ್ ಹದವಾಗಿ ಹಿಡಿದರೆ ಟಯರ್ ಜಾರುವುದಿಲ್ಲ.

ಆದರೆ ಬಿಸಿಲಿಗೆ ಕಾದು, ರಾತ್ರಿ ತಣಿದು, ಬಂಡೆಯ ಮೇಲ್ಪದರ ಸಿಪ್ಪೆಯಾಗಿ ಏಳುತ್ತದೆ, ಪುಡಿಯಾಗುತ್ತದೆ. ಆ ದಪ್ಪ ಮರಳು ಚಪ್ಪಡಿಯ ಮೇಲೆಯೇ ಹರಡಿಕೊಂಡಿರುತ್ತದೆ. ಅದರ ಮೇಲೆ ಬ್ರೇಕ್ ಒತ್ತುವುದು, ರಾಗಿ ಚೆಲ್ಲಿದ ಗಾರೆ ನೆಲದ ಮೇಲೆ ಓಡಿ ಗಕ್ಕನೆ ನಿಲ್ಲಲು ನೋಡಿದ ಹಾಗೆ. ಇಲ್ಲಿ ಬೀಳುವವರಲ್ಲಿ ಜಾಸ್ತಿ ಜನ ದೊಡ್ಡ ಬಂಡೆಯಿಂದ ಬೀಳುವುದಿಲ್ಲ, ಬಂಡೆ ಮುಗಿದು ಮಣ್ಣು ಶುರುವಾಗುವ ತಿರುವಿನ ಈ ಮರಳಲ್ಲಿ ಬೀಳುತ್ತಾರೆ. ಬ್ರೇಕ್ ಹಾಕುವುದಿದ್ದರೆ ಬಂಡೆಯ ಮೇಲಿರುವಾಗಲೇ ಹಾಕಿ ಮುಗಿಸಿ, ಮರಳಿನ ಮೇಲೆ ಸುಮ್ನೆ ಉರುಳಲು ಬಿಡಿ.

ನಾನು ಹೊಸಬ. ಬಂಡೆ ಇಳಿಯುವುದು ಹೇಗೆ?

ಮೊದಲು ಸೈಕಲ್ ಒರಗಿಸಿಟ್ಟು ನಡೆದು ನೋಡಿ. ಮೇಲಿನಿಂದ ಕಾಣುವ ದಾರಿ ಬೇರೆ, ಕೆಳಗೆ ನಿಂತು ನೋಡಿದರೆ ಕಾಣುವುದೇ ಬೇರೆ. ಕೊನೆಯಲ್ಲಿ ಏನಿದೆ ಅನ್ನುವುದು ಮುಖ್ಯ: ನೆಲಕ್ಕೆ ಮೆತ್ತಗೆ ಸೇರುತ್ತದೋ, ಮೆಟ್ಟಿಲಿನ ಹಾಗೆ ಕಡಿದಿದೆಯೋ, ಬೇರು ಅಡ್ಡ ಇದೆಯೋ.

ಆಮೇಲೆ ಸೀಟು ಪೂರ್ತಿ ಕೆಳಗಿಳಿಸಿ. ಪೆಡಲ್ ಎರಡೂ ನೆಲಕ್ಕೆ ಸಮನಾಗಿರಲಿ, ಎದ್ದು ನಿಲ್ಲಿ, ಮೊಣಕಾಲು ಮೊಣಕೈ ಮಡಚಿರಲಿ. ತೂಕ ಪಾದದ ಮೇಲೆ ಬರಬೇಕು, ಅಂಗೈ ಮೇಲಲ್ಲ. ಇಳಿಜಾರು ಹೆಚ್ಚಿದಂತೆ ಸೊಂಟ ಸ್ವಲ್ಪ ಹಿಂದೆ ಹೋಗಲಿ, ಆದರೆ ತೀರಾ ಹಿಂದೆ ಜೋತುಬಿದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಮುಂದಿನ ಬ್ರೇಕ್ ಮುಟ್ಟಲೇಬಾರದು ಅಂತ ಎಲ್ಲರೂ ಹೇಳಿಕೊಟ್ಟಿರುತ್ತಾರೆ. ಅದು ಸರಿಯಲ್ಲ. ಇಳಿಜಾರಿನಲ್ಲಿ ನಿಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ಮುಂದಿನ ಬ್ರೇಕೇ. ಒಂದೇ ಬೆರಳಲ್ಲಿ, ನಿಧಾನವಾಗಿ ಒತ್ತುತ್ತಾ, ಒಂದೇ ಹದದಲ್ಲಿ ಇಟ್ಟುಕೊಳ್ಳಿ. ತಟಕ್ಕನೆ ಹಿಂಡಿದರೆ ಮಾತ್ರ ತಲೆಕೆಳಗಾಗುವುದು. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಎರಡು ಮೂರು ಸೈಕಲ್ ಉದ್ದದಷ್ಟು ಮುಂದೆ ಇರಲಿ.

ಮನಸ್ಸು ಹಿಂಜರಿದರೆ ಹೊತ್ತುಕೊಂಡು ಇಳಿಯಿರಿ. ಅದರಲ್ಲಿ ನಾಚಿಕೆ ಏನಿಲ್ಲ, ಚೆನ್ನಾಗಿ ಓಡಿಸುವವರೂ ಮಾಡುತ್ತಾರೆ.

ಯಾವ ಸೈಕಲ್ ಬೇಕು? ನನ್ನ ಹತ್ತಿರ ಗೇರ್ ಸೈಕಲ್ ಇದೆ, ಸಾಕಾ?

ಅಗಲ ದಾರಿಗಳಲ್ಲಿ ಸುತ್ತಾಡಲು ಸಾಕು. ಬಂಡೆಗೆ ಸಾಲದು. ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಹಾರ್ಡ್‌ಟೇಲ್, 100ರಿಂದ 120 ಮಿಲಿಮೀಟರ್ ಕುಗ್ಗುವ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು), ಹೈಡ್ರಾಲಿಕ್ ಡಿಸ್ಕ್ ಬ್ರೇಕ್, 2.2 ಇಂಚಿಗಿಂತ ಅಗಲದ ಟಯರ್. ತುರಹಳ್ಳಿಗೆ ಇಷ್ಟಿದ್ದರೆ ಧಾರಾಳ. ಚಕ್ರ 27.5 ಇಂಚಿನದಾದರೂ ಸರಿ, 29 ಇಂಚಿನದಾದರೂ ಸರಿ. 29 ಬಂಡೆ ಮೇಲೆ ಸುಲಭವಾಗಿ ಉರುಳುತ್ತದೆ, 27.5 ಮರಗಳ ನಡುವೆ ಬೇಗ ತಿರುಗುತ್ತದೆ.

ಕಡಿಮೆ ಬೆಲೆಗೆ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಸೈಕಲ್ ಸಿಗುತ್ತದಲ್ಲ, ಅದನ್ನು ದಯವಿಟ್ಟು ಕೊಳ್ಳಬೇಡಿ. ತೂಕ ಜಾಸ್ತಿ, ಹತ್ತುವಾಗ ನಿಮ್ಮ ಶಕ್ತಿಯೆಲ್ಲ ಸ್ಪ್ರಿಂಗ್ ತಿನ್ನುತ್ತದೆ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಹಾರ್ಡ್‌ಟೇಲ್ ಹುಡುಕಿ. ಕೊಳ್ಳುವಾಗ ಫ್ರೇಮಿನ ವೆಲ್ಡಿಂಗ್ ಹತ್ತಿರ ಬೆರಳಾಡಿಸಿ ಬಿರುಕು ನೋಡಿ. ಫೋರ್ಕಿನ ಕೊಳವೆಯ ಮೇಲೆ ಉಗುರು ಎಳೆದು ಗೀರು ಸಿಗುತ್ತದಾ ನೋಡಿ. ಸಿಕ್ಕರೆ ಅಲ್ಲಿಂದಲೇ ಎಣ್ಣೆ ಸೋರುವುದು. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಸೊಟ್ಟಗಿದ್ದರೆ ಹೆದರಬೇಡಿ, ಅದು ಬಾಗಲೆಂದೇ ಮಾಡಿದ ಅಗ್ಗದ ತುಂಡು. ಬಂಡೆಗೆ ತಾಗಿದಾಗ ಫ್ರೇಮ್ ಉಳಿಸಿ ತಾನು ಮುರಿಯುತ್ತದೆ. ನಿಮ್ಮ ಸೈಕಲ್‌ಗೆ ಸರಿಹೊಂದುವ ಹ್ಯಾಂಗರ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿರಿ, ಯಾಕೆಂದರೆ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಪದೇ ಪದೇ ಪಂಕ್ಚರ್ ಆಗುತ್ತಿದೆ. ಏನು ಮಾಡಲಿ?

ಎರಡು ಬಗೆಯ ಪಂಕ್ಚರ್ ಇದೆ, ಟ್ಯೂಬ್ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಅಕ್ಕಪಕ್ಕ ಎರಡು ಚಿಕ್ಕ ಸೀಳು ಇದ್ದರೆ ಗಾಳಿ ಕಡಿಮೆಯಾಗಿದೆ ಅಂತ ಅರ್ಥ: ಬಂಡೆಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸಿದೆ. ಒಂದೇ ಸೂಜಿ ತೂತು ಇದ್ದರೆ ಜಾಲಿ ಮುಳ್ಳು.

ಸುಮಾರು 70 ಕೆಜಿ ತೂಗುವವರು ಟ್ಯೂಬ್ ಇದ್ದರೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು, ಟ್ಯೂಬ್‌ಲೆಸ್ ಆದರೆ ಮುಂದೆ 22–24, ಹಿಂದೆ 25–27 ಇಟ್ಟು ಶುರುಮಾಡಿ. ಆಮೇಲೆ ಒಂದೊಂದೇ ಪಿಎಸ್‌ಐ ಹೆಚ್ಚುಕಮ್ಮಿ ಮಾಡಿ ನೋಡಿ. ಪೆಟ್ರೋಲ್ ಬಂಕಿನಲ್ಲಿ 50 ತುಂಬಿಸಿಕೊಂಡು ಬರುವವರು ಜಾಸ್ತಿ. ಅಷ್ಟು ಗಾಳಿ ಇದ್ದರೆ ಟಯರ್ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಹಿಡಿತವೇ ಇರುವುದಿಲ್ಲ.

ಮುಳ್ಳಿಗೆ ಟ್ಯೂಬ್‌ಲೆಸ್ಸೇ ಮದ್ದು. ಒಳಗೆ ಹಾಕಿರುವ ಸೀಲೆಂಟ್ ಅನ್ನುವ ದ್ರವ ತೂತು ಮುಚ್ಚಿಬಿಡುತ್ತದೆ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹಾಕಿಸಿ. ಟ್ಯೂಬ್ ಇರುವವರಿಗೆ: ಮುಳ್ಳು ಚುಚ್ಚಿಕೊಂಡಿದೆ, ಗಾಳಿ ಇನ್ನೂ ನಿಂತಿದೆ ಅಂದರೆ ಕೀಳಬೇಡಿ, ಹಾಗೇ ಮನೆಗೆ ಹೋಗಿ. ಟ್ಯೂಬ್ ಬದಲಿಸುವಾಗ ಟಯರಿನ ಒಳಮೈಯನ್ನು ಪೂರ್ತಿ ಬೆರಳಿಂದ ತಡವಿ ನೋಡಿ. ಹೊರಗೆ ಮುರಿದ ಮುಳ್ಳಿನ ತುದಿ ಒಳಗೇ ಉಳಿದಿರುತ್ತದೆ. ಅದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದರೆ ಗೇಟ್ ತಲುಪುವ ಮುಂಚೆ ಮತ್ತೆ ಚಪ್ಪಟೆ.

ಮಳೆಗಾಲದಲ್ಲಿ ಹೋಗಬಹುದಾ?

ಮಳೆ ಬಿದ್ದ ದಿನ ಬೇಡ. ಬಂಡೆಗೆ ಮಳೆಯಿಂದ ಏನೂ ಆಗುವುದಿಲ್ಲ, ನಿಮಗೆ ಆಗುತ್ತದೆ: ನೀರಿಳಿಯುವ ಕಪ್ಪು ಗೆರೆಗಳಲ್ಲಿ ಪಾಚಿ ಕಟ್ಟಿ ಎಣ್ಣೆ ಸುರಿದ ಹಾಗಿರುತ್ತದೆ. ಮಣ್ಣಿನ ದಾರಿಯ ಕಥೆ ಅದಕ್ಕಿಂತ ಗಂಭೀರ. ಒದ್ದೆ ಕೆಮ್ಮಣ್ಣಿನಲ್ಲಿ ಟಯರ್ ಓಡಿದರೆ ಗೆರೆ ಬೀಳುತ್ತದೆ, ಮುಂದಿನ ಮಳೆಯ ನೀರು ಆ ಗೆರೆಯಲ್ಲೇ ಓಡುತ್ತದೆ, ಅದು ಅಗಲವಾಗಿ ಆಳವಾಗಿ ಒಂದೆರಡು ಮಳೆಗಾಲದಲ್ಲಿ ಮೊಣಕಾಲುದ್ದದ ಕೊರಕಲಾಗುತ್ತದೆ. ಆಮೇಲೆ ಜನ ಕೊರಕಲಿನ ಪಕ್ಕ ಹುಲ್ಲಿನ ಮೇಲೆ ಓಡಿಸುತ್ತಾರೆ, ಅಲ್ಲೂ ಅದೇ ಕಥೆ.

ಮಳೆ ನಿಂತು ಒಂದೆರಡು ದಿನ ಬಿಸಿಲು ಬೀಳಲಿ. ಗೇಟಿನ ಹತ್ತಿರದ ಮೊದಲ ಮಣ್ಣಿನ ತುಂಡಿನಲ್ಲೇ ಹಿಂದೆ ತಿರುಗಿ ನೋಡಿ. ಟಯರಿನ ಗುರುತು ಆಳವಾಗಿ ಅಚ್ಚೊತ್ತಿದ್ದರೆ, ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುತ್ತಿದ್ದರೆ, ಇವತ್ತು ರಸ್ತೆ ಮೇಲೆ ಓಡಿಸಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಮಳೆ ಅತಿ ಹೆಚ್ಚು. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ಬೆಂಕಿಯ ಭಯ. ಆಗ ಬೀಡಿ ಸಿಗರೇಟು ಸೇದುವವರು ಕಾಡಿನ ಹತ್ತಿರವೂ ಬರಬೇಡಿ.

ಚಿರತೆ ಇದೆಯಂತೆ, ನಿಜವಾ?

ನಿಜ. 2022ರ ಡಿಸೆಂಬರಿನಲ್ಲಿ ತುರಹಳ್ಳಿ ಸುತ್ತಮುತ್ತ ಚಿರತೆ ಕಾಣಿಸಿಕೊಂಡು ದೊಡ್ಡ ಸುದ್ದಿಯಾಗಿತ್ತು. ಬನ್ನೇರುಘಟ್ಟದ ಕಾಡು ದೂರವಿಲ್ಲ, ಚಿರತೆಗೆ ಓಡಾಡಲು ತುಂಡು ತುಂಡು ಕಾಡೂ ಕಲ್ಲುಗುಡ್ಡವೂ ಸಾಕು. ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಆದರೆ ಪೂರ್ತಿ ಬೆಳಕಾಗುವ ಮುಂಚೆ, ಸಂಜೆ ಕತ್ತಲಾಗುವ ಹೊತ್ತಿಗೆ ಕಾಡಿನಲ್ಲಿ ಇರಬೇಡಿ. ಹೆಡ್‌ಲೈಟ್ ಹಾಕಿಕೊಂಡು ರಾತ್ರಿ ಓಡಿಸುವ ಆಸೆ ಖಂಡಿತ ಬೇಡ, ಅದು ಪ್ರಾಣಿಗಳ ಹೊತ್ತು. ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಹಾಕಬೇಡಿ.

ಎದುರಿಗೇ ಸಿಕ್ಕರೆ ಬೆನ್ನು ತೋರಿಸಿ ಓಡಬಾರದು, ಬಗ್ಗಬಾರದು, ಕೂರಬಾರದು. ಸೈಕಲ್ ನಿಮ್ಮ ಮತ್ತು ಅದರ ನಡುವೆ ಇರಲಿ. ನೆಟ್ಟಗೆ ನಿಂತು ಜೋರಾಗಿ ಮಾತಾಡುತ್ತಾ ನಿಧಾನವಾಗಿ ಹಿಂದಕ್ಕೆ ಸರಿಯಿರಿ. ಆಮೇಲೆ 1926ಕ್ಕೆ ತಿಳಿಸಿ. ಫೋಟೋ ತೆಗೆಯಲು ಹಿಂದೆ ಹೋಗಬೇಡಿ.

ಹಾವು?

ಇವೆ. ನಾಗರಹಾವು, ಕೊಳಕುಮಂಡಲ ಎರಡೂ ಬೆಂಗಳೂರಿನ ಸುತ್ತ ಸಾಮಾನ್ಯ. ಸೈಕಲ್ ಮೇಲಿರುವಾಗ ಅಪಾಯ ಕಡಿಮೆ, ಪೊದೆಯೊಳಗೆ ಮೂತ್ರಕ್ಕೆ ಹೋದಾಗ, ಬಂಡೆಯ ಸಂದಿಗೆ ಕೈ ಹಾಕಿದಾಗ ಜಾಸ್ತಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಕೈಕಾಲು ಅಲುಗಾಡದ ಹಾಗೆ ಇಟ್ಟು ಸೀದಾ ವಿಷನಿರೋಧಕ ಮದ್ದು ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ನಡೆಯುವವರು, ದನ ಮೇಯಿಸುವವರು ಎದುರಾದರೆ?

ನಿಲ್ಲಿ. ಅಷ್ಟೇ. ಈ ಕಾಲುದಾರಿಗಳು ಸೈಕಲ್‌ಗಾಗಿ ಆದವಲ್ಲ. ದನ, ಕುರಿ, ಸೌದೆ ಹೊತ್ತ ಹೆಂಗಸರು ನಡೆದು ನಡೆದು ಆದವು. ಒಂದು ಗಂಟೆ ಕಟ್ಟಿಕೊಳ್ಳಿ, ತಿರುವಿನ ಮುಂಚೆ ಬಾರಿಸಿ. ವಯಸ್ಸಾದವರ ಹಿಂದಿನಿಂದ ಸದ್ದಿಲ್ಲದೆ ಬಂದು ಪಕ್ಕದಲ್ಲೇ ಹಾದು ಹೋದರೆ ಅವರ ಎದೆ ಝಲ್ ಅನ್ನುತ್ತದೆ. ಅಜ್ಜ, ಸ್ವಲ್ಪ ಬರ್ತಿದೀವಿ ಅಂತ ದೂರದಿಂದಲೇ ಹೇಳಿದರೆ ಅವರೇ ನಗುತ್ತಾ ಸರಿಯುತ್ತಾರೆ. ಬೆಟ್ಟದ ಮೇಲಿನ ಗುಡಿಯ ಹತ್ತಿರ ಇಳಿದು ತಳ್ಳಿಕೊಂಡು ಹೋಗಿ. ನವಿಲು ಕಂಡರೆ ಅಟ್ಟಬೇಡಿ.

ನಾವೇ ಹೊಸ ದಾರಿ ಮಾಡಿಕೊಳ್ಳಬಹುದಾ? ಒಂದು ಚಿಕ್ಕ ಜಂಪ್?

ಬೇಡ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಲ್ಲಿ ಕೇಳಿ. 2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂತು. ಇರುವ ಕಾಡನ್ನೇ ಪಾರ್ಕ್ ಮಾಡುವುದು ಯಾಕೆ ಅಂತ ಸುತ್ತಲಿನ ನಿವಾಸಿಗಳು, ನಡೆಯುವವರು, ಹಕ್ಕಿ ನೋಡುವವರು, ಸೈಕಲ್‌ನವರು ಎಲ್ಲ ಸೇರಿ ಪ್ರತಿಭಟನೆ ಮಾಡಿದರು. ಸರ್ಕಾರ ಯೋಜನೆಯಿಂದ ಹಿಂದೆ ಸರಿಯಿತು. ಕಾಡು ಕಾಡಾಗಿಯೇ ಇರಲಿ ಅಂತ ಬೀದಿಯಲ್ಲಿ ನಿಂತು ಹೇಳಿದ ಮೇಲೆ, ಭಾನುವಾರ ಗುದ್ದಲಿ ತಂದು ಅದೇ ಕಾಡಿನಲ್ಲಿ ದಾರಿ ಕಡಿಯುವುದು ಹೇಗೆ ಸರಿಯಾಗುತ್ತದೆ?

ಕಾಡಿನ ಲೆಕ್ಕದಲ್ಲಿ ಹೇಳುವುದಾದರೆ, ಬಂಡೆಯ ಸುತ್ತ ಮಣ್ಣಿರುವುದು ತೀರಾ ತೆಳ್ಳಗೆ. ಕೆಲವು ಕಡೆ ಗೇಣುದ್ದವೂ ಇಲ್ಲ. ಅದರ ಮೇಲಿನ ಹುಲ್ಲು ಕಿತ್ತರೆ ಮಣ್ಣು ಒಂದೇ ಜೋರು ಮಳೆಗೆ ಕೊಚ್ಚಿಹೋಗುತ್ತದೆ, ಕೆಳಗೆ ಬರೀ ಕಲ್ಲು ಉಳಿಯುತ್ತದೆ. ಖಾಲಿಯಾದ ಜಾಗಕ್ಕೆ ಲಂಟಾನ ಅನ್ನುವ ಕಳೆಪೊದೆ ಬರುತ್ತದೆ, ಅದು ಬಂದರೆ ಬೇರೆ ಗಿಡ ಏಳಲು ಬಿಡುವುದಿಲ್ಲ. ಈ ಕಾಡು ಇರುವುದೇ ಇಷ್ಟು, ಸುತ್ತ ಬಡಾವಣೆ ಬೆಳೆದಾಗಿದೆ. ಹತ್ತು ಗುಂಪು ಹತ್ತು ಹೊಸ ದಾರಿ ಮಾಡಿದರೆ ಮೊಲಕ್ಕೆ ಅಡಗಲು ಜಾಗ ಎಲ್ಲಿ?

ಹಾಗಾಗಿ ಇರುವ ದಾರಿಯಲ್ಲೇ ಓಡಿಸಿ. ತಿರುವಿನಲ್ಲಿ ಒಳಗಿನಿಂದ ಅಡ್ಡದಾರಿ ಹಿಡಿಯಬೇಡಿ. ಬಿದ್ದ ಮರ ಸಿಕ್ಕರೆ ಇಳಿದು ದಾಟಿಸಿ, ಸುತ್ತಿಕೊಂಡು ಹೋಗಬೇಡಿ. ಸವಾಲು ಬೇಕೆನ್ನುವವರಿಗೆ ಬಂಡೆ ಇದೆ, ಅದನ್ನೇ ಮೇಲಿನಿಂದ ಇಳಿದಾಯಿತಾ, ಈಗ ಕೆಳಗಿನಿಂದ ಕಾಲೂರದೆ ಹತ್ತಿ ನೋಡಿ. ಬಂಡೆಯ ಮೇಲೆ ಬಾಣದ ಗುರುತು ಅಂತ ಬಣ್ಣ ಬಳಿಯುವುದೂ ಬೇಡ.

ಸ್ಟ್ರಾವಾದಲ್ಲಿ ನನ್ನ ಓಟ ಹಾಕಬಹುದಾ?

ಸ್ಟ್ರಾವಾ ಅಂದರೆ ಓಡಿಸಿದ ದಾರಿ, ಸಮಯ ದಾಖಲಿಸಿ ಇತರರಿಗೆ ತೋರಿಸುವ ಆ್ಯಪ್. ಅಧಿಕೃತ ದಾರಿಯಲ್ಲಿ ಓಡಿಸಿದ್ದರೆ ಹಾಕಿ. ನಿಷೇಧ ಇರುವ ಜಾಗದ ನಕ್ಷೆ ಹಾಕಿದರೆ ಮಾತ್ರ ನಿಮ್ಮ ಹಿಂದೆ ಇನ್ನೂ ಐವತ್ತು ಜನ ಅಲ್ಲಿಗೇ ಬರುತ್ತಾರೆ. ಆ್ಯಪ್‌ನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕಾಗಿ ಕಾಲುದಾರಿಯಲ್ಲಿ ರೇಸ್ ಮಾಡುವುದಂತೂ ಅಪಾಯ, ಎದುರಿಗೆ ಮಕ್ಕಳು ಇರುತ್ತಾರೆ.

ರೇಸ್ ಆಸಕ್ತಿ ಇದ್ದರೆ ಎಲ್ಲಿಗೆ ಹೋಗಬೇಕು?

ಕರ್ನಾಟಕದಲ್ಲಿ ಸೈಕಲ್ ರೇಸ್ ಅಂದರೆ ಮೊದಲು ನೆನಪಾಗಬೇಕಾದ್ದು ವಿಜಯಪುರ, ಬಾಗಲಕೋಟೆ, ಗದಗ. ಬೆಂಗಳೂರಿನ ನಮಗೆ ಇದು ಗೊತ್ತೇ ಇರುವುದಿಲ್ಲ. ಅಲ್ಲಿಯ ಹಳ್ಳಿ ಹುಡುಗ ಹುಡುಗಿಯರು ಕ್ರೀಡಾ ಹಾಸ್ಟೆಲ್‌ಗಳಲ್ಲಿ ತರಬೇತಿ ಪಡೆದು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿದ್ದಾರೆ. ರಾಷ್ಟ್ರೀಯ ಎಂಟಿಬಿ ಸ್ಪರ್ಧೆಯೂ ಗದಗದಲ್ಲಿ ನಡೆದಿದೆ. ರಾಜ್ಯ ಸೈಕ್ಲಿಂಗ್ ಸಂಸ್ಥೆ ನಡೆಸುವ ಸ್ಪರ್ಧೆಗಳ ಮೂಲಕ ಹೋಗಿ. ಒಮ್ಮೆ ಅವರ ಜೊತೆ ಓಡಿಸಿ ನೋಡಿ, ದುಬಾರಿ ಸೈಕಲ್‌ಗಿಂತ ಕಾಲಿನ ಕಸುವು ದೊಡ್ಡದು ಅಂತ ಕಣ್ಣಾರೆ ಕಾಣುತ್ತದೆ.

ತುರಹಳ್ಳಿ ಬಿಟ್ಟರೆ ಬೇರೆ ಎಲ್ಲಿ?

ಉತ್ತರದಲ್ಲಿ ಯಲಹಂಕದ ಆಚೆ ಅವಲಹಳ್ಳಿ. ಬಂಡೆ ಕಡಿಮೆ, ಮರಗಳ ನಡುವೆ ಸರಾಗ ಓಡುವ ದಾರಿ, ಹೊಸಬರಿಗೆ ಸುಲಭ. ಅದೂ ಅರಣ್ಯ ಇಲಾಖೆಯದ್ದೇ, ಅಲ್ಲೂ ಮೊದಲು ಕೇಳಿಯೇ ಹೋಗಿ. ಮಾಗಡಿ, ರಾಮನಗರ ಕಡೆ ಕಾಡಿನ ಹೊರಗಿನ ಹಳ್ಳಿ ದಾರಿಗಳು, ಕೆರೆ ಏರಿಗಳು ತುಂಬಾ ಚೆನ್ನಾಗಿವೆ. ಆದರೆ ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅಲ್ಲಿ ಸೈಕಲ್ ಸಾಹಸ ಬೇಡವೇ ಬೇಡ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಳಗಂತೂ ಆನೆ ಇವೆ, ಆ ಯೋಚನೆಯನ್ನೇ ಬಿಟ್ಟುಬಿಡಿ.

ಮಕ್ಕಳನ್ನು ಕರೆತರಬಹುದಾ?

ಅಗಲ ದಾರಿಯಲ್ಲಿ, ಹೆಲ್ಮೆಟ್ ಹಾಕಿ, ನಿಮ್ಮ ಕಣ್ಣಳತೆಯಲ್ಲಿ ಇರುವುದಾದರೆ ಖಂಡಿತ ಕರೆತನ್ನಿ. ಅವರಿಗೆ ಬಂಡೆ ತೋರಿಸುವ ಮೊದಲು ನಿಧಾನವಾಗಿ ಬ್ರೇಕ್ ಹಿಡಿಯುವುದು ಕಲಿಸಿ.

ಏನೇನು ತೆಗೆದುಕೊಂಡು ಹೋಗಬೇಕು?

ಹೆಲ್ಮೆಟ್ ಇಲ್ಲದಿದ್ದರೆ ಬರಲೇಬೇಡಿ. ಮಂಡಿ ಪ್ಯಾಡ್, ಪೂರ್ತಿ ಬೆರಳಿನ ಗ್ಲೌಸ್, ಒಬ್ಬರಿಗೆ ಕನಿಷ್ಠ ಒಂದೂವರೆ ಲೀಟರ್ ನೀರು. ಒಳಗೆ ನೀರು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಪಂಪ್, ಒಂದು ಟ್ಯೂಬ್, ಅಲೆನ್ ಕೀ, ಚೈನ್ ಕಳಚುವ ಟೂಲ್, ಗಾಯಕ್ಕೆ ಬ್ಯಾಂಡೇಜ್. ತುರ್ತಿಗೆ 112 ಅಥವಾ 108. ಕರೆ ಮಾಡುವಾಗ ಯಾವ ಗೇಟಿನಿಂದ ಒಳಬಂದಿರಿ ಅಂತ ಹೇಳಿ, ಒಬ್ಬರು ಆ ಗೇಟಿಗೆ ಹೋಗಿ ನಿಲ್ಲಲಿ. ಕಾಡಿನೊಳಗಿನ ಮೊಬೈಲ್ ಲೊಕೇಶನ್ ನೋಡಿಕೊಂಡು ಆಂಬುಲೆನ್ಸ್ ಬರುವುದು ಕಷ್ಟ.

ನಾಯಿ ಕರೆದುಕೊಂಡು ಬರಲಾ?

ಬೇಡ. ನವಿಲು, ಮೊಲದ ಹಿಂದೆ ಓಡುತ್ತದೆ. ಚಿರತೆಗೂ ನಾಯಿ ಅಂದರೆ ಇಷ್ಟ.